ಚಿಕ್ಕಜಾಜೂರಿನ ಮಳೆನೀರು ಹತ್ತಿರದ ಕಡಲಿಗೆ ಯಾಕೆ ಹೋಗುವುದಿಲ್ಲ?

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಳಿದು ಚಿತ್ರದುರ್ಗ, ರಾಯದುರ್ಗದ ಕಡೆಯ ಗಾಡಿಗೆ ಕಾಯುವವರಿಗೆ ಒಂದು ಲೆಕ್ಕ ಕೊಡುತ್ತೇನೆ, ಹೊತ್ತು ಹೋದೀತು. ಪ್ಲಾಟ್‌ಫಾರ್ಮಿನ ಶೀಟಿನ ಮೇಲೆ ಬಿದ್ದ ಮುಂಗಾರಿನ ಹನಿ ಬಂದದ್ದು ಅರಬ್ಬಿ ಸಮುದ್ರದ ಕಡೆಯಿಂದ. ಆ ಸಮುದ್ರ ಇಲ್ಲಿಂದ ನೇರ ಪಡುವಣಕ್ಕೆ ಸುಮಾರು 170 ಕಿ.ಮೀ. ಬಂದ ದಾರಿಯಲ್ಲೇ ವಾಪಸ್ ಹೋಗಬೇಕಿತ್ತಲ್ಲ? ಹೋಗುವುದಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಕೆಲವು ಹಳ್ಳಗಳು ಸೂಳೆಕೆರೆಯ ಕಡೆಗೆ ಇಳಿಯುತ್ತವೆ, ಕೆಲವು ವೇದಾವತಿಯ ಕಡೆಗೆ. ಎತ್ತ ಇಳಿದರೂ ಕೊನೆಗೆ ತುಂಗಭದ್ರೆಯೇ ಗತಿ, ತುಂಗಭದ್ರೆಗೆ ಕೃಷ್ಣೆ, ಕೃಷ್ಣೆಗೆ ಬಂಗಾಳ ಕೊಲ್ಲಿ. ನಕಾಶೆಯ ಮೇಲೆ ನೇರ ಗೆರೆ ಎಳೆದರೂ 500 ಕಿ.ಮೀ. ಮೀರುವ ದೂರ ಅದು. ಹೊಳೆಯ ಅಂಕುಡೊಂಕು ಸೇರಿಸಿದರೆ ಇನ್ನೂ ಹೆಚ್ಚು.

ಇದು ಈ ಊರಿನದೊಂದೇ ವಿಚಿತ್ರವಲ್ಲ. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲದಿಂದ ಕಡಲು ಇನ್ನೂ ಹತ್ತಿರ. ಅದೇ ಕುದುರೆಮುಖದ ಗಿರಿಸಾಲಿನಲ್ಲಿ ಹುಟ್ಟುವ ನೇತ್ರಾವತಿ ಪಡುವಣಕ್ಕೆ ಧುಮುಕಿ ಮಂಗಳೂರಿನಲ್ಲಿ ಬೇಗನೆ ಕೆಲಸ ಮುಗಿಸುತ್ತಾಳೆ. ಬೆನ್ನಿಗೆ ಬೆನ್ನು ಕೊಟ್ಟು ಹುಟ್ಟಿದ ತುಂಗೆ ಭದ್ರೆಯರು ಮಾತ್ರ ಕಡಲಿಗೆ ಬೆನ್ನು ತಿರುಗಿಸಿ ಇಡೀ ಪರ್ಯಾಯ ದ್ವೀಪವನ್ನು ಅಡ್ಡ ಹಾಯುತ್ತಾರೆ. ಯಾರೋ ದಕ್ಷಿಣ ಭಾರತವನ್ನು ಪಶ್ಚಿಮದ ಅಂಚಿನಲ್ಲಿ ಹಿಡಿದು ಸ್ವಲ್ಪ ಎತ್ತಿ, ಪೂರ್ವಕ್ಕೆ ವಾಲಿಸಿ ಇಟ್ಟ ಹಾಗೆ.

ಹಾಗೇ ಆಗಿದೆ. ಯಾರು ಎತ್ತಿದರು, ಹೇಗೆ ಎತ್ತಿದರು, ಎತ್ತಿದ ಮೇಲೆ ಏನೇನು ಸವೆದುಹೋಯಿತು ಎಂಬುದು ಮುಂದಿನ ಕತೆ.

ಮೊದಲು ಶಾಲೆಯಲ್ಲಿ ಕಲಿತದ್ದೊಂದನ್ನು ಮರೆಯಬೇಕು. ಪಶ್ಚಿಮ ಘಟ್ಟವೆಂದರೆ ಎರಡೂ ಕಡೆ ಇಳಿಜಾರಿರುವ ಬೆಟ್ಟಸಾಲು ಎಂದು ತ್ರಿಕೋನಗಳ ಸಾಲು ಬರೆದು ನಮಗೆ ತೋರಿಸಿದರು. ನಮ್ಮ ಆಡುಮಾತು ಪಠ್ಯಪುಸ್ತಕಕ್ಕಿಂತ ನಿಖರವಾಗಿದೆ. ನಾವು ‘ಘಟ್ಟ ಇಳಿದು’ ಮಂಗಳೂರಿಗೆ ಹೋಗುತ್ತೇವೆ, ‘ಘಟ್ಟ ಹತ್ತಿ’ ಬರುತ್ತೇವೆ. ಹತ್ತಿ ಇಳಿದು ದಾಟುವವರು ಯಾರೂ ಇಲ್ಲ. ಯಾಕೆಂದರೆ ಘಟ್ಟ ಬಹುಪಾಲು ಬೆಟ್ಟವೇ ಅಲ್ಲ, ಅಂಚು. ಜಗಲಿಯ ಅಂಚು ಇದ್ದಂತೆ. ಅಂಗಳದಲ್ಲಿ ನಿಂತವನಿಗೆ ಅದು ಗೋಡೆ, ಜಗಲಿಯ ಮೇಲೆ ಕೂತವನಿಗೆ ಬರಿಯ ನೆಲ.

ಇದನ್ನು ಪರೀಕ್ಷಿಸಲು ರೈಲ್ವೆಯವರೇ ಅನುಕೂಲ ಮಾಡಿಕೊಟ್ಟಿದ್ದಾರೆ. ನಿಲ್ದಾಣದ ಹಳದಿ ಬೋರ್ಡಿನ ಮೇಲೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದೆ. ಯಾರೂ ಓದದ ಅಂಕಿ ಅದು, ಆದರೆ ಸಾಲಾಗಿ ಓದುತ್ತ ಹೋದರೆ ಒಂದು ಆಕಾರ ಮೂಡುತ್ತದೆ. ಸಕಲೇಶಪುರ 900 ಮೀಟರಿಗೂ ಮೇಲೆ. ಚಿತ್ರದುರ್ಗ 730ರ ಆಸುಪಾಸು, ದಾವಣಗೆರೆ 600, ಹೊಸಪೇಟೆ 480, ರಾಯಚೂರು 400. ನೂರಾರು ಕಿ.ಮೀ. ಹೋದರೂ ಇಳಿಕೆ ಕಾಲಿಗೆ ಗೊತ್ತಾಗುವುದಿಲ್ಲ. ಅದೇ ಸಕಲೇಶಪುರದಿಂದ ಪಡುವಣಕ್ಕೆ ಹೊರಡಿ. ಸುಬ್ರಹ್ಮಣ್ಯ ರೋಡ್ ನಿಲ್ದಾಣ ಬರುವಷ್ಟರಲ್ಲಿ, ಅಂದರೆ ಸುಮಾರು 55 ಕಿ.ಮೀ.ಯಲ್ಲಿ, ನೀವು ನೂರು ಚಿಲ್ಲರೆ ಮೀಟರಿಗೆ ಇಳಿದಿರುತ್ತೀರಿ. ಆ ಇಳಿಕೆಗಾಗಿ 57 ಸುರಂಗ ಕೊರೆಯಬೇಕಾಯಿತು. ಪ್ರತಿ 50 ಮೀಟರಿಗೆ 1 ಮೀಟರ್ ಇಳಿಯುವ ಕಡಿದಾದ ಹಳಿ ಅದು.

ಇಂಥ ಅಂಚು ಹುಟ್ಟುವುದು ನೆಲ ಸೀಳಿದಾಗ. ಒಂದು ಕಾಲದಲ್ಲಿ ಕರಾವಳಿಯ ಆಚೆ ಕಡಲಿರಲಿಲ್ಲ, ಮಡಗಾಸ್ಕರ್ ಇತ್ತು. ನಮ್ಮ ಧಾರವಾಡ ಶಿಲಾಸ್ತೋಮ ಎಂಬ ಪುರಾತನ ನೆಲದ ಒಂದು ತುಣುಕು ಇವತ್ತಿಗೂ ಮಡಗಾಸ್ಕರಿನ ಈಶಾನ್ಯ ಕರೆಯಲ್ಲಿ, ಆಂಟೊಂಗಿಲ್ ಎಂಬಲ್ಲಿ ಉಳಿದಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಎರಡೂ ಬೇರೆಯಾದವು. ಆಗ ಉಕ್ಕಿದ ಲಾವಾರಸವೇ ಮಲ್ಪೆಯ ಆಚೆಗಿನ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳು. ಪ್ರವಾಸಿಗರು ಆರು ಮೂಲೆಯ ಆ ಕಂಬಗಳ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅವರು ನಿಂತಿರುವುದು ಒಂದು ಖಂಡ ಹರಿದ ಗಾಯದ ಮೇಲೆ. ಅದಾಗಿ ಎರಡು ಕೋಟಿ ವರ್ಷ ಕಳೆದ ಮೇಲೆ, ಇಂದಿಗೆ 6.6 ಕೋಟಿ ವರ್ಷ ಹಿಂದೆ, ಬೆಳಗಾವಿ, ಬಿಜಾಪುರದಿಂದ ಬಡಗಣಕ್ಕೆ ದಖ್ಖನ್ನಿನ ಲಾವಾ ಹರಿಯಿತು. ಅದರ ಬೆನ್ನಲ್ಲೇ ಸೇಶೆಲ್ಸ್ ಕೂಡ ಕಳಚಿಕೊಂಡಿತು. ಹೀಗೆ ನಮ್ಮ ಪಡುವಣ ಅಂಚು ಎರಡು ಸಲ ಹರಿದ ಬಟ್ಟೆ.

ಹರಿದರೆ ಅಂಚು ಕುಸಿಯಬೇಕು, ಏಳುವುದು ಯಾಕೆ? ಇಲ್ಲಿಯೇ ಕತೆಯ ಸ್ವಾರಸ್ಯ. ಖಂಡವನ್ನು ಎರಡೂ ಕಡೆ ಎಳೆದಾಗ ನಡುವಿನ ತೊಗಟೆ ತೆಳುವಾಗಿ ಬಿರುಕುಬಿಟ್ಟು ಕುಸಿಯುತ್ತದೆ. ಕೆಳಗಿನ ಬಿಸಿ ಪದರ ಮೇಲೆ ಬರುತ್ತದೆ. ಬಿಸಿಯಾದ ಬಂಡೆ ಹಿಗ್ಗಿ ಹಗುರವಾಗುವುದರಿಂದ ಪಕ್ಕದ ನೆಲವೂ ಉಬ್ಬುತ್ತದೆ. ಜೊತೆಗೆ ಬಿರುಕಿನ ಆಚೆಯ ತುಂಡುಗಳು ಜಾರಿ ಬಿದ್ದುಹೋದ್ದರಿಂದ ಅಂಚಿನ ಮೇಲಿನ ಭಾರ ಇಳಿಯುತ್ತದೆ. ತುಂಗಭದ್ರೆಯಲ್ಲಿ ಹರಿಗೋಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಂದು ಪಕ್ಕದಲ್ಲಿ ಕೂತವರು ಎದ್ದು ದಡಕ್ಕೆ ಹಾರಿದರೆ ಆ ಪಕ್ಕ ಮೇಲೇಳುತ್ತದೆ, ಎದುರು ಪಕ್ಕಕ್ಕೆ ವಾಲುತ್ತದೆ. ಖಂಡವೂ ತನಗಿಂತ ಸಾಂದ್ರವಾದ, ಬಿಸಿಯಾದ ಪದರದ ಮೇಲೆ ತೇಲುವ ಹರಿಗೋಲೇ. ಈ ಕೆಲಸ ಈಗ ನಡೆಯುವುದನ್ನು ನೋಡಬೇಕೆಂದರೆ ಕೆಂಪು ಸಮುದ್ರಕ್ಕೆ ಹೋಗಬೇಕು. ಸುಮಾರು 3 ಕೋಟಿ ವರ್ಷದಿಂದ ಬಾಯಿ ಬಿಡುತ್ತಿರುವ ಆ ಬಿರುಕಿನ ಅಂಚಿನಲ್ಲಿ ಯೆಮೆನ್ನಿನ ಬೆಟ್ಟಗಳು 3,600 ಮೀಟರ್ ಮೀರಿ ನಿಂತಿವೆ. ಅಲ್ಲಿಯೂ ಕಡಲಿನ ಕಡೆ ಗೋಡೆ, ಒಳನಾಡಿನ ಕಡೆ ನಿಧಾನ ಇಳಿಜಾರು.

ಮಡಗಾಸ್ಕರ್ ಈ ಕನ್ನಡಿಯ ಇನ್ನೊಂದು ಮುಖ. ಅದರ ಗೋಡೆ ಇರುವುದು ಪೂರ್ವಕ್ಕೆ, ಅಂದರೆ ನಮ್ಮ ಕಡೆಗೆ. ಅದರ ದೊಡ್ಡ ನದಿಗಳು ಹರಿಯುವುದು ಪಶ್ಚಿಮಕ್ಕೆ. ಬೇರೆಯಾದ ದಾಯಾದಿಗಳಿಬ್ಬರೂ ಪರಸ್ಪರ ಬೆನ್ನು ತಿರುಗಿಸಿ ತಮ್ಮ ನೀರನ್ನು ಎದುರು ದಿಕ್ಕಿಗೆ ಬಿಟ್ಟಿದ್ದಾರೆ.

ಎದ್ದ ನೆಲವನ್ನು ಮಳೆ ಸುಮ್ಮನೆ ಬಿಡುವುದಿಲ್ಲ. ಅಂಚಿನ ಕಡಲ ಬದಿಯ ಹೊಳೆಗಳು ಗಿಡ್ಡ, ಕಡಿದು, ರಭಸ. ಮೇಲಾಗಿ ಮಳೆ ಅವಕ್ಕೇ ಹೆಚ್ಚು. ಹೊಲದ ಬದು ಒಡೆದು ಕೊರಕಲು ಬಿದ್ದದ್ದನ್ನು ನೋಡಿದ್ದೀರಲ್ಲ, ಅದು ಕೆಳಗಿನಿಂದ ಮೇಲಕ್ಕೆ, ನೀರು ಬರುವ ದಿಕ್ಕಿಗೇ ಬೆಳೆಯುತ್ತ ಹೋಗುತ್ತದೆ. ಒಂದು ಮಳೆಗಾಲ ಉದಾಸೀನ ಮಾಡಿದರೆ ಅರ್ಧ ಹೊಲ ನುಂಗುತ್ತದೆ. ಘಟ್ಟ ಹಿಂದೆ ಸರಿದದ್ದೂ ಹೀಗೆಯೇ. ಮೂಲ ಬಿರುಕು ಇರುವುದು ಈಗಿನ ಕರಾವಳಿಗಿಂತಲೂ ಆಚೆ, ಕಡಲಿನೊಳಗೆ. ಅಲ್ಲಿಂದ ಕೊರಕಲುಗಳು ಹಿಂದಕ್ಕೆ ತಿನ್ನುತ್ತ ಬಂದು ಗೋಡೆಯನ್ನು ಈಗಿನ ಜಾಗಕ್ಕೆ ತಂದಿವೆ. ತಿಂದು ಬಿಟ್ಟ ತಟ್ಟೆಯೇ ನಮ್ಮ ಕರಾವಳಿ.

ಕೆಲವು ಕಡೆ ಕೊರಕಲು ಅಂಚನ್ನು ದಾಟಿ ಮೇಲಿನ ನೀರನ್ನೇ ಕದ್ದಿದೆ. ಉತ್ತರ ಕನ್ನಡದಲ್ಲಿ ಕಾಳಿ, ಬೇಡ್ತಿ, ಅಘನಾಶಿನಿ, ಅವುಗಳ ದಕ್ಷಿಣಕ್ಕೆ ಶರಾವತಿ ಗೋಡೆಯನ್ನು ಒಡೆದು ಒಳಗೆ ನುಗ್ಗಿವೆ. ಶರಾವತಿಯ ಮೇಲ್ಭಾಗ ಪ್ರಸ್ಥಭೂಮಿಯ ಮೇಲೆ ಸಾವಕಾಶವಾಗಿ ವಾಯವ್ಯಕ್ಕೆ ಹರಿಯುತ್ತ ಬಂದು ಒಮ್ಮೆಗೇ 253 ಮೀಟರ್ ಬೀಳುತ್ತದೆ. ಜೋಗವೆಂದರೆ ಹಿಂದೆ ಸರಿಯುತ್ತಿರುವ ಆ ಕೊರಕಲಿನ ತಲೆ. ಜೋಗದ ವಿದ್ಯುತ್ತು ಊರೂರಿಗೆ ದೀಪ ಕೊಟ್ಟದ್ದು 8.8 ಕೋಟಿ ವರ್ಷದ ಹಿಂದಿನ ಒಂದು ಬಿರುಕಿನ ಕೃಪೆಯಿಂದ ಎಂದರೆ ಉತ್ಪ್ರೇಕ್ಷೆಯಲ್ಲ.

ಇದು ಮುಗಿದ ಕತೆಯೂ ಅಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು, ಇವೂ ಇದೇ ಸವೆತದ ಪುಟಗಳು. ರಸ್ತೆ ಅಗಲಿಸಲು ಗುಡ್ಡದ ಬುಡ ಕಡಿಯುವಾಗ ನಾವು ಆ ಪುಟವನ್ನು ಬೇಗ ತಿರುವಲು ಸಹಾಯ ಮಾಡುತ್ತೇವೆ, ಅಷ್ಟೆ.

ಈಗ ಚಿಕ್ಕಜಾಜೂರಿಗೆ ವಾಪಸ್ ಬರೋಣ. ಚಿತ್ರದುರ್ಗದ ಕಲ್ಲುಗಳ ವಿಷಯ ಎತ್ತಿದರೆ ಎಲ್ಲರೂ ಕೋಟಿಗಟ್ಟಲೆ ವರ್ಷ ಎಂದು ಕೈ ಮುಗಿಯುತ್ತಾರೆ. ಸರಿಯೇ. ಗದಗದಿಂದ ಶ್ರೀರಂಗಪಟ್ಟಣದವರೆಗೆ ಹಬ್ಬಿದ ಚಿತ್ರದುರ್ಗ ಷಿಸ್ಟ್ ಪಟ್ಟಿ ಜಿಲ್ಲೆಯ ಮೂಲಕವೇ ಹಾಯುತ್ತದೆ. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬು ದಿಂಬಾಗಿ ಹೆಪ್ಪುಗಟ್ಟಿದ ಲಾವಾ ಇದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದಿಂಬಿನಾಕಾರ ಬರುವುದು ಲಾವಾ ನೀರಿನಡಿ ಉಕ್ಕಿದಾಗ ಮಾತ್ರ, ಅಂದರೆ 250 ಕೋಟಿ ವರ್ಷದ ಹಿಂದೆ ಅದು ಕಡಲತಳ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ಬೆಣಚಿ, ಗ್ರಾನೈಟಿನ ದುಂಡುಕಲ್ಲುಗಳು ಮಣ್ಣಿನಲ್ಲಿ ಹುದುಗಿ ಗಟ್ಟಿಯಾದ ಒಂದು ಬಂಡೆಯಿದೆ. ಭೂವಿಜ್ಞಾನಿಗಳ ನಕಾಶೆಯಲ್ಲಿ ಅದರ ಹೆಸರೇ ತಾಳ್ಯ ಕಾಂಗ್ಲೊಮರೇಟ್. ಕಲ್ಲು ದುಂಡಾಗಬೇಕಾದರೆ ಉರುಳಿರಬೇಕು, ಉರುಳಬೇಕಾದರೆ ಇನ್ನೆಲ್ಲೋ ಎತ್ತರ ಸವೆದಿರಬೇಕು. ಹೆಸರಿಲ್ಲದ ಯಾವುದೋ ಬೆಟ್ಟ ಕರಗಿದ್ದಕ್ಕೆ ಉಳಿದ ಸಾಕ್ಷಿ ಆ ಕಲ್ಲು.

ಆದರೆ ಕಲ್ಲಿನ ವಯಸ್ಸು ಬೇರೆ, ನೆಲದ ಆಕಾರದ ವಯಸ್ಸು ಬೇರೆ. ಹಳೆಯ ಸಾಗುವಾನಿ ತೊಲೆಯಿಂದ ಹೊಸ ಬಾಗಿಲು ಮಾಡಿದ ಹಾಗೆ. ಬಾಗಿಲು ಯಾವಾಗ ಆಯಿತು ಎಂದು ಮರದ ಉಂಗುರ ಎಣಿಸಿ ಹೇಳಲಾಗದು. ಅದಕ್ಕೆ ಬೇರೆ ಗಡಿಯಾರ ಬೇಕು. ಅಂಥವು ಮೂರಿವೆ.

ಒಂದು, ಅಪಟೈಟ್ ಎಂಬ ಖನಿಜದ ಹರಳು. ಅದರೊಳಗಿನ ಯುರೇನಿಯಂ ಒಡೆದಾಗ ಹರಳಿನಲ್ಲಿ ಸೂಕ್ಷ್ಮ ಗೀರು ಬೀಳುತ್ತದೆ. ಹರಳು ಆಳದಲ್ಲಿದ್ದು ಸುಮಾರು 110 ಡಿಗ್ರಿಗಿಂತ ಬಿಸಿಯಾಗಿದ್ದರೆ ಗೀರು ಮಾಯವಾಗುತ್ತದೆ, ಮೇಲೆ ಬಂದು ತಣ್ಣಗಾದ ಮೇಲೆ ಉಳಿಯುತ್ತದೆ. ಗೀರು ಎಣಿಸಿದರೆ ಬಂಡೆ ಮೂರ್ನಾಲ್ಕು ಕಿ.ಮೀ. ಆಳದಿಂದ ಯಾವಾಗ ಮೇಲೆ ಬಂತು ಎಂದು ತಿಳಿಯುತ್ತದೆ. ದೊಡ್ಡ ಸವೆತಕ್ಕೆ ಒಳ್ಳೆಯ ಗಡಿಯಾರ, ಸಣ್ಣ ಸವೆತಕ್ಕೆ ಕುರುಡು.

ಎರಡನೆಯದು ನಮ್ಮ ಕಡೆಯದೇ, ಮ್ಯಾಂಗನೀಸ್ ಅದಿರು. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬೆಚ್ಚಗಿನ, ಮಳೆ ಸಮೃದ್ಧವಾದ ಹವೆಯಲ್ಲಿ ಬಂಡೆ ಕೊಳೆಯುತ್ತದೆ. ಕರಗುವುದೆಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದು ಕೆಂಪು ಜಂಬಿಟ್ಟಿಗೆಯಾಗುತ್ತದೆ. ಜಾಜು ಎಂದರೂ ಇದೇ ಬಗೆಯ ಕೆಮ್ಮಣ್ಣು; ಚಿಕ್ಕಜಾಜೂರಿನ ಹೆಸರಿನ ವ್ಯುತ್ಪತ್ತಿಯನ್ನು ಬಲ್ಲವರಿಗೆ ಬಿಟ್ಟು ಹೇಳುವುದಾದರೆ, ಜಾಜು ಒಂದು ಹವಾಮಾನದ ದಾಖಲೆ. ಹೀಗೆ ಕೊಳೆಯುವಾಗ ಹುಟ್ಟುವ ಕೆಲವು ಮ್ಯಾಂಗನೀಸ್ ಖನಿಜಗಳ ಒಳಗೆ ಪೊಟ್ಯಾಸಿಯಂ ಸೇರಿಕೊಳ್ಳುತ್ತದೆ. ಅದರ ಒಂದು ಪಾಲು ಕಾಲಕ್ರಮದಲ್ಲಿ ಆರ್ಗಾನ್ ಅನಿಲವಾಗುತ್ತದೆ. ಸಿಕ್ಕಿಬಿದ್ದ ಆರ್ಗಾನನ್ನು ಅಳೆದರೆ ಬಂಡೆ ಕೊಳೆತದ್ದು ಯಾವಾಗ ಎಂದು ಗೊತ್ತಾಗುತ್ತದೆ. ಫ್ರಾನ್ಸಿನ ಮತ್ತು ನಮ್ಮ ಭೂವಿಜ್ಞಾನಿಗಳು ಸೇರಿ ಸಂಡೂರಿನ ಅದಿರನ್ನು ಹೀಗೆ ಅಳೆದು 2014ರಲ್ಲಿ ಪ್ರಕಟಿಸಿದರು. ಅಲ್ಲಿ ಭಾರಿ ಕೊಳೆತ ನಡೆದದ್ದು ಮೂರು ಕೋಟಿ ವರ್ಷದ ಆಸುಪಾಸು. ಇದರ ಅರ್ಥ ನಿಂತು ಯೋಚಿಸುವಂಥದ್ದು. ಮೂರು ಕೋಟಿ ವರ್ಷದ ಹಿಂದಿನ ಮಣ್ಣಿನ ಪದರ ಇನ್ನೂ ಬೆಟ್ಟದ ನೆತ್ತಿಯ ಮೇಲಿದೆ, ತೊಳೆದುಹೋಗಿಲ್ಲ! ಅದೇ ವಿಧಾನದಲ್ಲಿ ಘಟ್ಟದ ಕೆಳಗಿನ ಬಯಲನ್ನು ಅಳೆದಾಗ ಸುಮಾರು 4.5 ಕೋಟಿ ವರ್ಷದಷ್ಟು ಹಳೆಯ ಮಾದರಿಗಳು ಸಿಕ್ಕವು. ಅಂದರೆ ಆ ಹೊತ್ತಿಗಾಗಲೇ ಕರಾವಳಿಯ ಬಯಲು ಇತ್ತು, ಗೋಡೆ ಹೆಚ್ಚುಕಡಿಮೆ ಈಗಿನ ಜಾಗಕ್ಕೆ ಬಂದು ನಿಂತಿತ್ತು. ಮೊದಲು ಓಡಿ ಆಮೇಲೆ ತೆವಳಿದ ಗೋಡೆ ಇದು.

ಮೂರನೆಯದು ಹಳ್ಳದ ಮರಳು. ಬಾಹ್ಯಾಕಾಶದಿಂದ ಬರುವ ಕಿರಣಗಳು ನೆಲದ ಮೇಲಿನ ಬೆಣಚಿ ಕಣಕ್ಕೆ ಬಡಿದಾಗ ಅದರಲ್ಲಿ ಬೆರಿಲಿಯಂ-10 ಹುಟ್ಟುತ್ತದೆ. ಮೇಲಿನ ಒಂದೆರಡು ಮೀಟರಿಗಿಂತ ಕೆಳಗೆ ಅದು ಹುಟ್ಟುವುದು ತೀರ ಕಡಿಮೆ. ಕಣ ಬಹುಕಾಲ ಮೇಲ್ಮೈಯಲ್ಲಿ ಬಿಸಿಲು ಕಾದಿದ್ದರೆ ಬೆರಿಲಿಯಂ ಹೆಚ್ಚು, ಬೇಗ ಕೊಚ್ಚಿ ಬಂದಿದ್ದರೆ ಕಡಿಮೆ. ಒಂದು ಬೊಗಸೆ ಮರಳು ಇಡೀ ಹಳ್ಳದ ಜಲಾನಯನದ ಸರಾಸರಿ ಹೇಳುತ್ತದೆ. ದಕ್ಷಿಣ ಭಾರತದ ಘಟ್ಟದ ಎರಡೂ ಮಗ್ಗುಲಲ್ಲಿ ಹೀಗೆ ಅಳೆದಾಗ ಸಿಕ್ಕ ಉತ್ತರ: ಪ್ರಸ್ಥಭೂಮಿಯ ಮೇಲೆ ಹತ್ತು ಲಕ್ಷ ವರ್ಷಕ್ಕೆ ಹತ್ತು ಮೀಟರ್ ಆಸುಪಾಸು, ಗೋಡೆಯ ಮುಖದಲ್ಲಿ ಅದರ ನಾಲ್ಕೈದು ಪಟ್ಟು.

ಹತ್ತು ಲಕ್ಷ ವರ್ಷಕ್ಕೆ ಹತ್ತು ಮೀಟರ್ ಎಂದರೆ ನೂರು ವರ್ಷಕ್ಕೆ ಒಂದು ಮಿಲಿಮೀಟರ್. ಮುತ್ತಜ್ಜನಿಂದ ಮರಿಮಗನವರೆಗೆ ಒಂದು ಉಗುರಿನ ದಪ್ಪ. ಬದು ಹಾಕದ ಇಳಿಜಾರು ಹೊಲ ಅಷ್ಟೇ ಮಣ್ಣನ್ನು ಒಂದೇ ಮುಂಗಾರಿನಲ್ಲಿ ಕಳೆದುಕೊಳ್ಳುವುದು ಅಪರೂಪವೇನಲ್ಲ. ಮೂರು ಕೋಟಿ ವರ್ಷ ಹೊದಿಕೆ ಉಳಿಸಿಕೊಂಡ ನೆಲಕ್ಕೆ ಟ್ರ್ಯಾಕ್ಟರು ಬಂದಮೇಲೆ ಹೊಸ ಗಡಿಯಾರ ಶುರುವಾಗಿದೆ.

ಇನ್ನೊಂದು ಲೆಕ್ಕ ಮಾಡೋಣ. ಇದೇ ನಿಧಾನಗತಿ ಮೊದಲಿನಿಂದ ಇತ್ತೆಂದು ಇಟ್ಟುಕೊಂಡರೆ, 8.8 ಕೋಟಿ ವರ್ಷದಲ್ಲಿ ಚಿಕ್ಕಜಾಜೂರಿನ ಮೇಲಿಂದ 880 ಮೀಟರ್ ದಪ್ಪದ ಬಂಡೆ ಹೋಗಿರಬೇಕು. ಈಗಿರುವ ಎತ್ತರವೇ ಅಷ್ಟಿಲ್ಲವಲ್ಲ? ಇಲ್ಲಿ ಮತ್ತೆ ಹರಿಗೋಲು. ಭಾರ ಇಳಿದಂತೆಲ್ಲ ನೆಲ ಮೇಲೇಳುತ್ತದೆ. ತೊಗಟೆಯ ಬಂಡೆಗೂ ಕೆಳಗಿನ ಪದರಕ್ಕೂ ಇರುವ ಸಾಂದ್ರತೆಯ ಅನುಪಾತದಿಂದ ನೂರು ಮೀಟರ್ ಸವೆದರೆ ಸುಮಾರು 82 ಮೀಟರ್ ವಾಪಸ್ ಏಳುತ್ತದೆ. 880ಕ್ಕೆ 720 ವಾಪಸ್, ನಿವ್ವಳ ಇಳಿಕೆ 160 ಮೀಟರ್. ಘಟ್ಟದ ಅಂಚಿನಲ್ಲಿ ಇದಕ್ಕೆ ಇನ್ನೊಂದು ಬಲ ಸೇರುತ್ತದೆ. ಅಲ್ಲಿಂದ ಕೊಚ್ಚಿಹೋದ ಮಣ್ಣು ಅರಬ್ಬಿ ಸಮುದ್ರದ ತಳದಲ್ಲಿ ಕೂತು ಅದನ್ನು ಒತ್ತುತ್ತದೆ. ಏತದ ಒಂದು ತುದಿ ಕೆಳಗಿಳಿದಂತೆ ಇನ್ನೊಂದು ತುದಿ ಏಳುತ್ತದೆ. ಬಿರುಕಿನ ಬಿಸಿ ಆರಿ ಕೋಟ್ಯಂತರ ವರ್ಷವಾದರೂ ಘಟ್ಟ ಇನ್ನೂ ನಿಂತಿರುವುದು ಮುಖ್ಯವಾಗಿ ಈ ಸವೆತದ ಬಲದಿಂದಲೇ. ಸವೆತವೇ ಎತ್ತುತ್ತದೆ ಎಂಬುದು ಕೇಳಲು ವಿಚಿತ್ರ, ಲೆಕ್ಕ ಮಾತ್ರ ಸರಿಯಾಗಿದೆ.

ಎಲ್ಲರೂ ಇದನ್ನು ಒಪ್ಪಿದ್ದಾರೆಂದಲ್ಲ. ಮೈಸೂರು ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿದ್ದ, ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿ ಬೆಳೆಸಿದ ಬಿ.ಪಿ. ರಾಧಾಕೃಷ್ಣ 1950ರ ದಶಕದಿಂದಲೂ ಮೈಸೂರು ಪ್ರಸ್ಥಭೂಮಿಯ ಆಕಾರದ ಬಗ್ಗೆ ಬರೆದವರು. ಘಟ್ಟ ಎದ್ದದ್ದು ಬಹಳ ಈಚೆಗೆ, ಕಳೆದ ಎರಡು ಕೋಟಿ ಚಿಲ್ಲರೆ ವರ್ಷಗಳ ಒಳಗೆ ಎಂಬುದು 1993ರಲ್ಲೂ ಅವರ ವಾದ. ಜಲಪಾತಗಳ ಹೊಸತನವೇ ಅವರ ಸಾಕ್ಷಿ. ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಸುಬ್ರಹ್ಮಣ್ಯ ಅವರು ಮೂಲ್ಕಿಯಿಂದ ಪುಲಿಕಾಟ್ ಸರೋವರದವರೆಗೆ ಅಡ್ಡಲಾಗಿ ನೆಲ ಇಂದಿಗೂ ಉಬ್ಬುತ್ತಿದೆ ಎಂದು ತೋರಿಸಲು ಹೊರಟರು. ನನಗೆ ಮ್ಯಾಂಗನೀಸಿನ ಗಡಿಯಾರವೇ ಹೆಚ್ಚು ನಂಬುಗೆಯದೆನಿಸುತ್ತದೆ, ಗೋಡೆ ಹಳೆಯದು. ಆದರೆ ರಾಧಾಕೃಷ್ಣ ಅವರು ಎತ್ತಿದ ಪ್ರಶ್ನೆ ಇಲ್ಲದಿದ್ದರೆ ಆ ಗಡಿಯಾರವನ್ನು ಹುಡುಕುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಸವೆತ ಇಷ್ಟು ನಿಧಾನವಾದ ಕಡೆ ಬಂಡೆ ನೆಲದಡಿಯಲ್ಲೇ ಕೊಳೆಯಲು ಪುರುಸೊತ್ತು ಸಿಗುತ್ತದೆ. ಬಾವಿ ತೋಡುವವರು ಮಣ್ಣು, ಗೊರಚು, ಆಮೇಲೆ ಗಟ್ಟಿಕಲ್ಲು ಎಂದು ಹೇಳುವ ಸಾಲು ಅದೇ. ಬಿರುಕುಗಳ ಗುಂಟ ನೀರಿಳಿದು ಗ್ರಾನೈಟಿನ ಮೂಲೆಗಳು ಮೊದಲು ಕೊಳೆತು, ನಡುವಿನ ತಿರುಳು ಗುಂಡಾಗಿ ಉಳಿಯುತ್ತದೆ. ಮೇಲಿನ ಗೊರಚು ತೊಳೆದುಹೋದಾಗ ಗುಂಡುಗಳು ಒಂದರ ಮೇಲೊಂದು ಕೂತು ಬಿಡುತ್ತವೆ. ಚಿತ್ರದುರ್ಗದ ನಾಯಕರು ಕೋಟೆ ಕಟ್ಟಿದ್ದು ಅಂಥ ತಿರುಳುಗಳ ನಡುವೆ. ಏಳು ಸುತ್ತಿನಲ್ಲಿ ಎಷ್ಟೋ ಗೋಡೆಯನ್ನು ಕೊಳೆತವೇ ಕಟ್ಟಿಕೊಟ್ಟಿತ್ತು.

ಇನ್ನು ಹಿರಿಯೂರಿನ ಮಾರಿಕಣಿವೆ. ಬಾಬಾಬುಡನ್‌ಗಿರಿಯ ಕಡೆಯಿಂದ ಬರುವ ವೇದಾವತಿ ಎದುರಿಗೆ ಚಿತ್ರದುರ್ಗದ ಗಟ್ಟಿ ಬೆಟ್ಟಸಾಲು ಸಿಕ್ಕಾಗ ಸುತ್ತಿ ಹೋಗದೆ ನಡುವೆಯೇ ಸೀಳಿಕೊಂಡು ಹೋಗಿದೆ. ಹೊಳೆ ಬೆಟ್ಟವನ್ನು ಏರುವುದುಂಟೇ? ಹೊಳೆ ಹರಿಯಲು ಶುರುಮಾಡಿದಾಗ ನೆಲ ಈಗಿನದಕ್ಕಿಂತ ಎತ್ತರದಲ್ಲಿತ್ತು, ಬೆಟ್ಟ ಹೂತಿತ್ತು. ಸುತ್ತಲಿನ ಮೆತ್ತನೆಯ ಬಂಡೆ ಇಳಿದಂತೆ ಗಟ್ಟಿ ಸಾಲು ಮೇಲೆ ಕಾಣಿಸಿಕೊಂಡಿತು. ಅಷ್ಟರಲ್ಲಿ ಹೊಳೆ ತನ್ನ ಪಾತ್ರ ಕೊರೆದಾಗಿತ್ತು, ಗರಗಸದ ಹಾಗೆ ಇದ್ದಲ್ಲೇ ಕೊಯ್ದುಕೊಂಡು ಇಳಿಯಿತು. ಮೈಸೂರು ಸಂಸ್ಥಾನದ ಎಂಜಿನಿಯರುಗಳು 1898ರಿಂದ 1907ರವರೆಗೆ ಆ ಕಿಂಡಿಗೆ ಕಟ್ಟೆ ಕಟ್ಟಿ ವಾಣಿವಿಲಾಸ ಸಾಗರ ಮಾಡಿದರು. ಕಿಂಡಿ ಕಿರಿದು, ಹಿಂದಿನ ಬಯಲು ವಿಶಾಲ. ಅಣೆಕಟ್ಟೆಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕೆ?

ನೀರೊಂದು ಬೇಕಿತ್ತು. ಎದ್ದ ಅಂಚು ಮಳೆಯನ್ನು ತನ್ನ ಮುಂದೆಯೇ ಇಳಿಸಿಕೊಂಡುಬಿಡುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೀರಿ ಬಿದ್ದರೆ ಚಿತ್ರದುರ್ಗ ಜಿಲ್ಲೆಗೆ 600ರ ಆಸುಪಾಸು. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 89 ವರ್ಷ ಬಿಟ್ಟು 2022ರಲ್ಲಿ. ಆ ಸಲ ಮಳೆಯೂ ಜೋರಿತ್ತು, ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಜೊತೆಗಿತ್ತು. ಆ ಯೋಜನೆಯ ಒಳಗುಟ್ಟು ಈಗ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಭದ್ರೆಯ ನೀರನ್ನು ಪಂಪಿನಿಂದ ಒಂದಿಷ್ಟು ಮೇಲೆತ್ತಿ ಅಜ್ಜಂಪುರದ ಸುರಂಗ ದಾಟಿಸಿದರೆ ಸಾಕು; ಆಮೇಲೆ ನೆಲದ ವಾಲು ತಾನೇ ಪೂರ್ವಕ್ಕೆ ಒಯ್ಯುತ್ತದೆ.

ಇದನ್ನೆಲ್ಲ ಕಣ್ಣಾರೆ ನೋಡಬೇಕೆನ್ನುವವರು ಚಿಕ್ಕಜಾಜೂರಿನಿಂದ ಬೀರೂರು, ಅರಸೀಕೆರೆ, ಹಾಸನದ ಮೇಲೆ ಮಂಗಳೂರಿಗೆ ಹೋಗಿ. ಹಳದಿ ಬೋರ್ಡಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತ ಹೋಗಿ. ಸಕಲೇಶಪುರ ದಾಟಿದ ಮೇಲೆ ಚೀಟಿ ಒಳಗಿಟ್ಟು ಕಿಟಕಿಗೆ ಅಂಟಿಕೊಳ್ಳಿ. ಹಗಲು ಗಾಡಿಯನ್ನೇ ಹಿಡಿಯಿರಿ. ರಾತ್ರಿ ಗಾಡಿಯಾದರೆ 57 ಸುರಂಗವೂ ನಿದ್ದೆಯಲ್ಲೇ ಕಳೆದುಹೋಗುತ್ತವೆ.